ಮೋಡದ ಮನೆ ಬದಲಾಯಿಸಿದವರು

ನೆಂಟರ ಮನೆಯ ಗೃಹಪ್ರವೇಶ ಶನಿವಾರವೆಂದು ಗೊತ್ತಾಗಿದೆ. "ನೀನೂ ಬರಬೇಕಮ್ಮ, ಎಲ್ಲರೂ ಕೇಳುತ್ತಾರೆ" ಎನ್ನುತ್ತಾರೆ ತಾಯಿ. "ಆಗುವುದಿಲ್ಲಮ್ಮ, ಶನಿವಾರ ನಮ್ಮಲ್ಲಿ ಮೈಗ್ರೇಷನ್ ಇದೆ" ಎನ್ನುತ್ತಾಳೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿರುವ ಮಗಳು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈ ಸಂಭಾಷಣೆ ನಡೆದಿರಬಹುದು. ಮೈಗ್ರೇಷನ್ ಎಂದರೇನೆಂದು ತಾಯಿ ಕೇಳುವುದಿಲ್ಲ. ಕೇಳಿದರೂ ಎಲೆಯ ಮುಂದೆ ಕುಳಿತು ಅದನ್ನು ವಿವರಿಸುವಷ್ಟು ವ್ಯವಧಾನ ಮಗಳಿಗಿರುವುದಿಲ್ಲ.

ಆದರೆ ಅದೂ ಒಂದು ಬಗೆಯ ಗೃಹಪ್ರವೇಶವೇ. ಒಂದು ಸಂಸ್ಥೆ ತನ್ನ ಲೆಕ್ಕಪತ್ರ, ಗಿರಾಕಿಗಳ ಹೆಸರು ವಿಳಾಸ, ಅವರು ನಂಬಿ ಒಪ್ಪಿಸಿದ ಕಾಗದಪತ್ರ, ಇವೆಲ್ಲವನ್ನೂ ಒಬ್ಬ ಮಾಲಿಕನ ಕಟ್ಟಡದಿಂದ ಇನ್ನೊಬ್ಬ ಮಾಲಿಕನ ಕಟ್ಟಡಕ್ಕೆ ಸಾಗಿಸುವ ಕಾರ್ಯವದು. ನಾವು ಮನೆ ಬದಲಾಯಿಸುವ ದಿನ ಒಲೆ ಹೊತ್ತದಿದ್ದರೆ ಹೋಟೆಲಿನಿಂದ ಊಟ ತರಿಸಬಹುದು. ಇವರ ಮನೆಯಲ್ಲಿ ಒಲೆ ಆರುವಂತಿಲ್ಲ. ಲಕ್ಷಾಂತರ ಮಂದಿ ಪಂಕ್ತಿಯಲ್ಲಿ ಕುಳಿತಿರುವಾಗಲೇ ಅಡಿಗೆಯ ಮನೆಯನ್ನು ಪಾತ್ರೆಪಡಗಗಳೊಡನೆ ಬೇರೊಂದು ಊರಿಗೆ ಸಾಗಿಸಬೇಕು. ಬಡಿಸುವ ಕೈ ಹೆಚ್ಚು ಹೊತ್ತು ನಿಲ್ಲಬಾರದು.

ಇಂಥ ಸ್ಥಳಾಂತರವೊಂದು 2018ರ ಆಗಸ್ಟ್ ತಿಂಗಳಿನಲ್ಲಿ ನಡೆಯಿತು. ಅದನ್ನು ನಡೆಸಿದ ಸಂಸ್ಥೆ ಅದಕ್ಕೆ ಒಂದೂವರೆ ವರ್ಷದ ಹಿಂದೆ, ಒಂದೇ ರಾತ್ರಿಯಲ್ಲಿ, ತನ್ನ ಸರ್ವಸ್ವವನ್ನೂ ಕಳೆದುಕೊಳ್ಳುವ ಅಂಚಿಗೆ ಬಂದು ನಿಂತಿತ್ತು. ಆ ರಾತ್ರಿಯನ್ನು ತಿಳಿಯದೆ ಈ ಗೃಹಪ್ರವೇಶದ ಬೆಲೆ ತಿಳಿಯುವುದಿಲ್ಲವಾದುದರಿಂದ ಎರಡನ್ನೂ ಜೊತೆಯಾಗಿಯೇ ಹೇಳಬೇಕಾಗಿದೆ.

ಬಾಡಿಗೆಯ ಯಂತ್ರಗಳು

'ಕ್ಲೌಡ್', ಅಂದರೆ ಮೋಡ, ಎಂಬ ಮಾತನ್ನು ಕೇಳಿ ವಾಚಕರು ಆಕಾಶದತ್ತ ನೋಡಬೇಕಾದುದಿಲ್ಲ. ಈ ಮೋಡಗಳು ನೆಲದ ಮೇಲೆಯೇ ಇವೆ. ಕಿಟಕಿಗಳಿಲ್ಲದ ವಿಶಾಲವಾದ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಕಂಪ್ಯೂಟರುಗಳೇ ಮೋಡ. ಅವುಗಳ ಕಾವನ್ನು ತಣಿಸಲು ಹಗಲಿರುಳೂ ತಂಪುಗಾಳಿ ಬೀಸುತ್ತಿರಬೇಕು. ವಿದ್ಯುತ್ತು ಕೈಕೊಟ್ಟರೆ ಒಡನೆಯೇ ಜನರೇಟರುಗಳು ಕೆಲಸ ಮಾಡಬೇಕು. ಹಿಂದೆ ಪ್ರತಿಯೊಂದು ಸಂಸ್ಥೆಯೂ ಇಂಥ ಯಂತ್ರಗಳನ್ನು ತಾನೇ ಕೊಂಡು, ತಾನೇ ಕಾದುಕೊಳ್ಳಬೇಕಾಗಿತ್ತು. 2006ರಲ್ಲಿ ಅಮೆಜಾನ್ ಸಂಸ್ಥೆ ತನ್ನ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿತು. ಮೈಕ್ರೋಸಾಫ್ಟ್ ತನ್ನ 'ಅಜೂರ್' ವ್ಯವಸ್ಥೆಯನ್ನು 2010ರಲ್ಲಿ ಗಿರಾಕಿಗಳಿಗೆ ತೆರೆಯಿತು. ಗೂಗಲ್ ಕೂಡ ಹಿಂದೆ ಬೀಳಲಿಲ್ಲ.

ಬಾಡಿಗೆಯ ಮನೆ ಎಂದ ಮೇಲೆ ಮನೆ ಬದಲಾಯಿಸುವ ಯೋಚನೆಯೂ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸಂಸಾರ ಬೆಳೆದಂತೆ ಕೋಣೆಗಳು ಸಾಲವು; ಬಾಡಿಗೆ ಏರುತ್ತದೆ; ಪಕ್ಕದವರ ಗದ್ದಲದಿಂದ ನಿದ್ದೆ ಕೆಡುತ್ತದೆ. ಒಂದೇ ಯಂತ್ರವನ್ನು ಹಲವು ಬಾಡಿಗೆದಾರರು ಹಂಚಿಕೊಂಡಾಗ ಒಬ್ಬರ ಕೆಲಸದ ಭರಾಟೆಯಿಂದ ಇನ್ನೊಬ್ಬರ ಕೆಲಸ ನಿಧಾನವಾಗುವುದು ಈ ಮೋಡಗಳ ಲೋಕದಲ್ಲಿಯೂ ಉಂಟು.

ಬಾವಿಯ ನೀರು ಹೊತ್ತವನ ಕನಸು

ನಮ್ಮ ಕಥೆಯ ಸಂಸ್ಥೆಯ ಹೆಸರು ಗಿಟ್‌ಲ್ಯಾಬ್. ಸಾಫ್ಟ್‌ವೇರ್ ಬರೆಯುವವರ ಕೆಲಸ ಒಂದು ವಿಧದಲ್ಲಿ ನೂರಾರು ಜನ ಸೇರಿ ಒಂದೇ ಗ್ರಂಥದ ಹಸ್ತಪ್ರತಿಯನ್ನು ತಿದ್ದಿದಂತೆ. ಯಾರು, ಯಾವ ದಿನ, ಯಾವ ಸಾಲನ್ನು, ಏಕೆ ತಿದ್ದಿದರೆಂಬ ಲೆಕ್ಕವನ್ನು ಇಡದಿದ್ದರೆ ಗ್ರಂಥ ಗೊಂದಲದ ಗೂಡಾದೀತು. ಆ ಲೆಕ್ಕವನ್ನಿಡಲು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ 'ಗಿಟ್' ಎಂಬ ಸಾಧನವನ್ನು ರಚಿಸಿದರು. ಅದನ್ನು ಆಧರಿಸಿ, ತಿದ್ದುವವರೆಲ್ಲರೂ ಒಂದೆಡೆ ಕೂಡಿ ಚರ್ಚಿಸುತ್ತ ಕೆಲಸ ಮಾಡುವ ಅನುಕೂಲವನ್ನು ಕಲ್ಪಿಸಿದುದೇ ಗಿಟ್‌ಲ್ಯಾಬ್.

ಇದನ್ನು 2011ರಲ್ಲಿ ಆರಂಭಿಸಿದವರು ಯುಕ್ರೇನಿನ ದಿಮಿತ್ರಿ ಜಪೊರೊಜೆಟ್ಸ್. ಆಗ ಅವರಿದ್ದ ಮನೆಗೆ ನಲ್ಲಿಯ ನೀರೂ ಇರಲಿಲ್ಲವಂತೆ. ದಿನವೂ ಊರ ಬಾವಿಯಿಂದ ನೀರು ತರಬೇಕಾಗಿತ್ತು. ಆದರೆ ಅದಕ್ಕಿಂತಲೂ, ಜೊತೆಗೂಡಿ ಕೆಲಸ ಮಾಡಲು ಒಳ್ಳೆಯ ಸಾಧನವಿಲ್ಲವೆಂಬ ಕೊರತೆಯೇ ಅವರನ್ನು ಹೆಚ್ಚು ಕಾಡಿತೆಂದು ಸಂಸ್ಥೆಯ ಚರಿತ್ರೆ ಹೇಳುತ್ತದೆ. ಮರುವರ್ಷ ನೆದರ್ಲೆಂಡ್ಸಿನ ಸಿಡ್ ಸಿಬ್ರಾಂಡಿ ಇದನ್ನು ಕಂಡು, ಯಾರು ಬೇಕಾದರೂ ಬಂದು ಬಳಸಬಹುದಾದ ಸೇವೆಯಾಗಿ ಮಾರ್ಪಡಿಸಿದರು. ಸಂಸ್ಥೆ ಬೆಳೆಯಿತು. ಅದಕ್ಕೆ ಕಚೇರಿಯೆಂಬುದೇ ಇಲ್ಲ. ನೌಕರರೆಲ್ಲರೂ ಬೇರೆಬೇರೆ ದೇಶಗಳಲ್ಲಿ ತಂತಮ್ಮ ಮನೆಗಳಲ್ಲಿಯೇ ಕುಳಿತು ಕೆಲಸ ಮಾಡುವವರು. ಗಿರಾಕಿಗಳ ಬರಹಗಳೆಲ್ಲ ಅಜೂರ್ ಮೋಡದಲ್ಲಿ ಬಾಡಿಗೆಗೆ ಇದ್ದುವು.

ಆ ಒಂದು ರಾತ್ರಿ

2017ರ ಜನವರಿ 31. ನೆದರ್ಲೆಂಡ್ಸಿನಲ್ಲಿ ನಡುರಾತ್ರಿ ಸಮೀಪಿಸಿತ್ತು. ಸಂಜೆಯಿಂದಲೂ ಡೇಟಾಬೇಸಿನ ಮೇಲೆ ಅತಿಯಾದ ಹೊರೆ ಬಿದ್ದಿತ್ತು. ಡೇಟಾಬೇಸ್ ಎಂದರೆ ಯಾರು ಯಾರ ಗಿರಾಕಿ, ಯಾವ ಯೋಜನೆ ಯಾರದು, ಯಾರು ಏನು ಹೇಳಿದರು ಎಂಬುದನ್ನೆಲ್ಲ ಬರೆದಿಡುವ ಮಹಾ ಖಾತೆಪುಸ್ತಕ. ಇಂಥ ಪುಸ್ತಕಗಳು ಎರಡು ಯಂತ್ರಗಳಲ್ಲಿದ್ದುವು. ಮೊದಲನೆಯದು ಮೂಲ, ಎರಡನೆಯದು ಮೂಲವನ್ನು ನೋಡಿ ನೋಡಿ ಬರೆದುಕೊಳ್ಳುತ್ತಿದ್ದ ನಕಲು. ಹೊರೆ ಹೆಚ್ಚಾದುದರಿಂದ ನಕಲು ಹಿಂದೆ ಬಿದ್ದು, ಕೊನೆಗೆ ಬರವಣಿಗೆಯನ್ನೇ ನಿಲ್ಲಿಸಿತು. ಅದನ್ನು ಬರಿದುಮಾಡಿ ಮೊದಲಿನಿಂದ ಬರೆಸುವುದೊಂದೇ ದಾರಿ.

ದಿನವಿಡೀ ದುಡಿದು ದಣಿದಿದ್ದ ಎಂಜಿನಿಯರೊಬ್ಬರು ಈ ಕೆಲಸಕ್ಕೆ ಕೈಹಾಕಿದರು. ಹಲವು ಸಲ ಯತ್ನಿಸಿದರೂ ನಕಲು ಮಿಸುಕಲಿಲ್ಲ. ಹಳೆಯದೇನೋ ಅದರಲ್ಲಿ ಉಳಿದಿರಬೇಕೆಂದು ಭಾವಿಸಿ, ಅಳಿಸುವ ಆಜ್ಞೆಯನ್ನು ಕೊಟ್ಟರು. ಒಂದೆರಡು ಕ್ಷಣಗಳಲ್ಲಿಯೇ ಎದೆ ಝಲ್ಲೆಂದಿರಬೇಕು: ಆಜ್ಞೆ ಹೋದದ್ದು ನಕಲಿಗಲ್ಲ, ಮೂಲಕ್ಕೆ! ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟುಗಳ ಖಾತೆಪುಸ್ತಕದಲ್ಲಿ ಉಳಿದದ್ದು ಸುಮಾರು 4.5 ಗಿಗಾಬೈಟು ಮಾತ್ರ.

ಹೆದರಬೇಕಾಗಿಲ್ಲ, ಇಂಥ ಹೊತ್ತಿಗೆಂದೇ ಮುನ್ನೆಚ್ಚರಿಕೆಯ ಪ್ರತಿಗಳಿವೆಯಲ್ಲ ಎಂದು ಅವರು ಮೊದಲು ಸಮಾಧಾನ ತಂದುಕೊಂಡಿರಬಹುದು. ಆದರೆ ಒಂದೊಂದಾಗಿ ಪೆಟ್ಟಿಗೆಗಳನ್ನು ತೆರೆಯುತ್ತ ಹೋದಂತೆ ಅವು ಬರಿದಾಗಿದ್ದುವು. ಪ್ರತಿದಿನ ತನ್ನಷ್ಟಕ್ಕೆ ಆಗಬೇಕಾಗಿದ್ದ ಪ್ರತಿ ಆಗುತ್ತಲೇ ಇರಲಿಲ್ಲ. ಪ್ರತಿ ಮಾಡುವ ಉಪಕರಣ ಹಳೆಯ ಕಾಲದ್ದು, ಡೇಟಾಬೇಸ್ ಹೊಸ ಕಾಲದ್ದು, ಇವೆರಡಕ್ಕೂ ಹೊಂದಿಕೆಯಾಗಿರಲಿಲ್ಲ. ಸೋಲನ್ನು ತಿಳಿಸುವ ಮಿಂಚಂಚೆಗಳು ಹೊರಡುತ್ತಿದ್ದರೂ, ಕಳುಹಿಸಿದವರಾರೆಂಬ ಪ್ರಮಾಣದ ಮುದ್ರೆ ಇಲ್ಲವೆಂಬ ಕಾರಣದಿಂದ ಬಾಗಿಲಲ್ಲಿಯೇ ತಿರಸ್ಕೃತವಾಗುತ್ತಿದ್ದುವು. ಅಜೂರಿನಲ್ಲಿ ಡಿಸ್ಕಿನ ಪ್ರತಿ ತೆಗೆಯುವ ಸೌಲಭ್ಯವಿತ್ತು. ಡೇಟಾಬೇಸಿನ ಯಂತ್ರಗಳಿಗೆ ಅದನ್ನು ಅಳವಡಿಸಿರಲಿಲ್ಲ. ರಕ್ಷಣೆಗೆಂದು ಎಣಿಸಿದ್ದ ಐದು ಉಪಾಯಗಳಲ್ಲಿ ನೆಚ್ಚಬಹುದಾದದ್ದು ಒಂದೂ ಇರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿ ಇದೆ. ಇಲ್ಲಿ ದಿಡ್ಡಿ ಬಾಗಿಲುಗಳು ಐದಿದ್ದುವು. ಹಾಕಿವೆಯೆಂದು ಎಲ್ಲರೂ ನಂಬಿದ್ದರು. ಒಮ್ಮೆಯಾದರೂ ಹೋಗಿ ಅಗುಳಿಯನ್ನು ಅಲುಗಿಸಿ ನೋಡಿದವರಿರಲಿಲ್ಲ.

ಸಂಸ್ಥೆಯನ್ನು ಉಳಿಸಿದುದು ಒಂದು ಆಕಸ್ಮಿಕ. ಅದೇ ಎಂಜಿನಿಯರು ಸುಮಾರು ಆರು ಗಂಟೆಗಳ ಹಿಂದೆ, ಬೇರೊಂದು ಪ್ರಯೋಗಕ್ಕಾಗಿ, ತಮ್ಮ ಕೈಯಾರೆ ಒಂದು ಪ್ರತಿಯನ್ನು ತೆಗೆದು ಪರೀಕ್ಷೆಯ ಯಂತ್ರಕ್ಕೆ ಸಾಗಿಸಿದ್ದರು. ಅಳಿಸಿದ ಕೈಯೇ ಉಳಿಸಿಯೂ ಇತ್ತೆಂಬುದು ವಿಧಿಯ ವಿಲಾಸವಲ್ಲದೆ ಮತ್ತೇನು? ಆ ಪ್ರತಿಯನ್ನು ನಿಧಾನಗತಿಯ ಡಿಸ್ಕುಗಳಿಂದ ಮರಳಿ ಸಾಗಿಸಿ ಸೇವೆಯನ್ನು ಪುನಃ ಆರಂಭಿಸಲು ಸುಮಾರು 18 ಗಂಟೆಗಳು ಬೇಕಾದುವು. ಗಿರಾಕಿಗಳ ಮೂಲ ಬರಹಗಳು ಬೇರೆಡೆ ಇದ್ದುದರಿಂದ ಸುರಕ್ಷಿತವಾಗಿದ್ದುವು. ಆದರೆ ಆ ಆರು ಗಂಟೆಗಳ ಅವಧಿಯ ಲೆಕ್ಕ ಹೋಯಿತು: ಸುಮಾರು 5,000 ಯೋಜನೆಗಳ ವಿವರ, 5,000 ಟಿಪ್ಪಣಿಗಳು, 700 ಹೊಸ ಸದಸ್ಯರ ಹೆಸರುಗಳು.

ಬಾಗಿಲು ತೆರೆದಿಟ್ಟ ಧೈರ್ಯ

ಮನೆಯಲ್ಲಿ ಅನಾಹುತವಾದಾಗ ಬಾಗಿಲು ಮುಚ್ಚಿಕೊಳ್ಳುವುದು ಮನುಷ್ಯಸ್ವಭಾವ. ಗಿಟ್‌ಲ್ಯಾಬಿನವರು ತೆರೆದರು. ಏನಾಯಿತು, ಏನು ಮಾಡುತ್ತಿದ್ದೇವೆ ಎಂಬುದನ್ನು ಬರೆಯುತ್ತಿದ್ದ ಕಡತವನ್ನೇ ಜಗತ್ತಿನ ಮುಂದಿಟ್ಟರು. ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಸಾವಿರಾರು ಮಂದಿ ಅದನ್ನು ನೋಡಿದರು. ಮುಂದೆ ಪ್ರಕಟಿಸಿದ ವಿಸ್ತಾರವಾದ ವರದಿಯಲ್ಲಿ ಆ ಎಂಜಿನಿಯರನ್ನು 'ತಂಡದ ಸದಸ್ಯ ಒಂದು' ಎಂದಷ್ಟೇ ಕರೆದರು. ಕೆಲಸದಿಂದ ತೆಗೆಯುವ ಮಾತೇ ಬರಲಿಲ್ಲ. ತಪ್ಪಿದ ಬೆರಳಿಗಿಂತ, ಒಂದು ಬೆರಳು ತಪ್ಪಿದರೆ ಮನೆಯೇ ಉರುಳುವಂತೆ ಕಟ್ಟಿದ ವ್ಯವಸ್ಥೆಯ ದೋಷವೇ ದೊಡ್ಡದೆಂಬುದು ಅವರ ನಿಲುವಾಗಿತ್ತು. ದೂರಿನ ಬದಲು ವಿಚಾರಣೆ, ಅಡಗಿಸುವ ಬದಲು ದಾಖಲೆ: ಮುಂದಿನ ಗೃಹಪ್ರವೇಶಕ್ಕೆ ಅಡಿಗಲ್ಲು ಬಿದ್ದುದು ಇಲ್ಲಿಯೇ ಎನ್ನಬಹುದು.

ಹೊಸ ಮನೆಯ ಹುಡುಕಾಟ

ಈ ಅನಾಹುತಕ್ಕೆ ಮೊದಲೇ, 2016ರ ನವೆಂಬರಿನಲ್ಲಿ, ಅವರು ಬಾಡಿಗೆಯ ಸಹವಾಸವೇ ಬೇಡ, ಸ್ವಂತ ಯಂತ್ರಗಳನ್ನು ಕೊಳ್ಳೋಣವೆಂದು ಯೋಚಿಸಿ ಆ ಯೋಜನೆಯನ್ನು ಸಾರ್ವಜನಿಕರ ಮುಂದಿಟ್ಟಿದ್ದರು. ಅನುಭವಸ್ಥರು ನೂರಾರು ಸಲಹೆಗಳನ್ನು ಬರೆದು ಕಳುಹಿಸಿದರು. 'ಮನೆ ಕಟ್ಟಿ ನೋಡು' ಎಂಬ ನಮ್ಮ ಹಿರಿಯರ ಮಾತಿನ ಸಾರವೇ ಅವುಗಳಲ್ಲಿಯೂ ಇತ್ತು. 2017ರ ಮಾರ್ಚಿನಲ್ಲಿ ಆ ಯೋಚನೆಯನ್ನು ಕೈಬಿಟ್ಟರು. ಕೊನೆಗೆ, ತಮ್ಮ ಸೇವೆ ಹೆಚ್ಚು ಸ್ಥಿರವಾಗಿ ನಡೆಯಬೇಕೆಂಬ ಉದ್ದೇಶದಿಂದ ಅಜೂರನ್ನು ಬಿಟ್ಟು ಗೂಗಲಿನ ಮೋಡಕ್ಕೆ ಹೋಗುವುದೆಂದು ನಿಶ್ಚಯವಾಯಿತು.

ಸಾಮಾನೇನು ಸ್ವಲ್ಪವೆ? ಗಿಟ್ ಬರಹಗಳೇ ಸುಮಾರು 200 ಟೆರಾಬೈಟುಗಳಷ್ಟು. ನಮ್ಮ ಕೈಯಲ್ಲಿರುವ 128 ಗಿಗಾಬೈಟಿನ ಮೊಬೈಲ್ ಫೋನುಗಳಲ್ಲಿ ತುಂಬಿಸುವುದಾದರೆ 1,500ಕ್ಕೂ ಹೆಚ್ಚು ಫೋನುಗಳು ಬೇಕು. ಇದಲ್ಲದೆ ಸುಮಾರು 2 ಟೆರಾಬೈಟಿನ ಡೇಟಾಬೇಸು. ಇಷ್ಟನ್ನು ಸಾಗಿಸುವವರೆಗೆ ಅಂಗಡಿ ಮುಚ್ಚಿದರೆ ಗಿರಾಕಿಗಳು ಎಷ್ಟು ದಿನ ಕಾದಾರು?

ಇದಕ್ಕೆ ಅವರು ಕಂಡುಕೊಂಡ ಉಪಾಯ ಸ್ವಾರಸ್ಯವಾಗಿದೆ. ದೂರದೇಶಗಳ ಗಿರಾಕಿಗಳಿಗೆ ಹತ್ತಿರದಲ್ಲಿಯೇ ಒಂದು ಪ್ರತಿ ದೊರೆಯಲೆಂದು ಅವರೇ ತಯಾರಿಸಿ ಮಾರುತ್ತಿದ್ದ 'ಜಿಯೋ' ಎಂಬ ಸಾಧನವೊಂದಿತ್ತು. ಮೂಲದಲ್ಲಿ ಆದ ಬದಲಾವಣೆಗಳೆಲ್ಲವನ್ನೂ ಅದು ದೂರದ ಪ್ರತಿಯಲ್ಲಿಯೂ ಕನ್ನಡಿಯಂತೆ ಮೂಡಿಸುತ್ತದೆ. ಗೂಗಲಿನ ಕಟ್ಟಡದಲ್ಲಿ ಇಂಥ ಪ್ರತಿಯೊಂದನ್ನು ನಿಲ್ಲಿಸಿ, ಹಳೆಯ ಮನೆಯಲ್ಲಿ ಸಂಸಾರ ನಡೆಯುತ್ತಿರುವಂತೆಯೇ, ತಿಂಗಳುಗಟ್ಟಲೆ ಸದ್ದಿಲ್ಲದೆ ಸಾಮಾನನ್ನು ಸಾಗಿಸಿದರು. ಸಾಗಿಸಿದ ಒಂದೊಂದು ಬರಹಕ್ಕೂ ಗಣಿತದ ಸೂತ್ರದಿಂದ ಒಂದು ಸಂಖ್ಯೆಯನ್ನು ಕಟ್ಟಿ, ಅಲ್ಲಿಯ ಸಂಖ್ಯೆಯೂ ಇಲ್ಲಿಯ ಸಂಖ್ಯೆಯೂ ಒಂದೆಯೇ ಎಂದು ತಾಳೆ ನೋಡಿದರು. ಒಂದಕ್ಷರ ವ್ಯತ್ಯಾಸವಾದರೂ ಸಂಖ್ಯೆ ಬೇರೆಯಾಗುತ್ತದೆ. ಬೆರಳಗುರುತಿನಂತೆ ಅದು ಸುಳ್ಳು ಹೇಳುವುದಿಲ್ಲ.

ಅದಕ್ಕಿಂತಲೂ ಮುಖ್ಯವಾದುದು ತಾಲೀಮು. ಕೊನೆಯ ದಿನ ಮಾಡಬೇಕಾದ ಕೆಲಸಗಳನ್ನೆಲ್ಲ ಕ್ರಮವಾಗಿ ಪಟ್ಟಿ ಮಾಡಿದರು. ಪರೀಕ್ಷೆಗೆಂದೇ ಇದ್ದ ಸಣ್ಣ ಮಾದರಿಯ ಮೇಲೆ ಆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ ನೋಡಿದರು. ಎಲ್ಲಿ ಎಡವಿದರೋ ಅಲ್ಲಿ ಪಟ್ಟಿಯನ್ನು ತಿದ್ದಿದರು, ಮತ್ತೆ ನಡೆಸಿದರು, ಮತ್ತೆ ತಿದ್ದಿದರು. ನಾಟಕದ ಕಂಪನಿಗಳಲ್ಲಿ ಪರದೆ ಏಳುವ ಮುನ್ನ ಎಷ್ಟು ತಾಲೀಮುಗಳಾಗುತ್ತಿದ್ದುವೆಂಬುದನ್ನು ಬಲ್ಲವರಿಗೆ ಇದರ ಮಹತ್ವವನ್ನು ಹೇಳಬೇಕಾಗಿಲ್ಲ. ಮೊದಲು ಜುಲೈ 28 ಎಂದು ಗೊತ್ತುಮಾಡಿದ್ದ ಮುಹೂರ್ತವನ್ನು, ಇನ್ನೂ ಸಿದ್ಧತೆ ಬೇಕೆಂದು, ಆಗಸ್ಟ್ 11ಕ್ಕೆ ಮುಂದೂಡಿದರು. ಮುಹೂರ್ತ ಮುಂದೆ ಹೋಯಿತೆಂದು ಯಾರೂ ಅವಮಾನಪಡಲಿಲ್ಲ.

ತಾಲೀಮು ಸಾಲದಿದ್ದರೆ

ಅದೇ 2018ರ ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಸ್ಥಳಾಂತರ ನಡೆದಿತ್ತು. ಅದು ಬಾಡಿಗೆಯ ಮೋಡದ ಮಾತಲ್ಲ. ಟಿಎಸ್‌ಬಿ ಎಂಬ ಬ್ಯಾಂಕು ತನ್ನ ಗಿರಾಕಿಗಳ ಖಾತೆಗಳನ್ನು, ತಾನು ಹಿಂದೆ ಸೇರಿದ್ದ ಲಾಯ್ಡ್ಸ್ ಬ್ಯಾಂಕಿನ ಯಂತ್ರಗಳಿಂದ ಹೊಸ ಯಜಮಾನರ ವ್ಯವಸ್ಥೆಗೆ ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಹಿಂದಿನ ವರ್ಷದ ನವೆಂಬರಿಗೆ ಗೊತ್ತಾಗಿದ್ದ ದಿನವನ್ನು ಒಮ್ಮೆ ಮುಂದೂಡಿದ್ದೂ ಉಂಟು. ಆದರೆ ಹೊಸ ವ್ಯವಸ್ಥೆಯ ಎರಡು ಕೇಂದ್ರಗಳಲ್ಲಿ ಒಂದನ್ನು ಮಾತ್ರ ಭಾರ ಹೊರಿಸಿ ಪರೀಕ್ಷಿಸಿದ್ದರೆಂದು ಆಮೇಲಿನ ವಿಚಾರಣೆಯಲ್ಲಿ ತಿಳಿದುಬಂದಿತು.

ಸೋಮವಾರ ಬೆಳಗಾದಾಗ ಲಕ್ಷಾಂತರ ಮಂದಿಗೆ ತಮ್ಮ ಹಣ ತಮಗೇ ಕಾಣಿಸಲಿಲ್ಲ. ಕೆಲವರಿಗೆ ಬೇರೆಯವರ ಖಾತೆಗಳು ಕಂಡುವು. ವ್ಯವಹಾರ ಪೂರ್ತಿಯಾಗಿ ಸರಿಹೋಗುವುದಕ್ಕೆ ಡಿಸೆಂಬರ್ ಆಯಿತು. ಮುಖ್ಯಾಧಿಕಾರಿ ಸೆಪ್ಟೆಂಬರಿನಲ್ಲಿಯೇ ಸ್ಥಾನ ಬಿಟ್ಟಿದ್ದರು. ಗಿರಾಕಿಗಳಿಗೆ ಕೊಟ್ಟ ಪರಿಹಾರ 3 ಕೋಟಿ 27 ಲಕ್ಷ ಪೌಂಡು. 2022ರಲ್ಲಿ ಅಧಿಕಾರಿವರ್ಗ ವಿಧಿಸಿದ ದಂಡ 4 ಕೋಟಿ 86 ಲಕ್ಷ ಪೌಂಡಿಗೂ ಮಿಗಿಲು. ದಿನ ಮುಂದೂಡಿದರೆ ಸಾಲದು, ದೊರೆತ ದಿನಗಳಲ್ಲಿ ಪರೀಕ್ಷೆ ನಡೆಯಬೇಕೆಂಬ ಪಾಠಕ್ಕೆ ಆ ಬ್ಯಾಂಕು ತೆತ್ತ ಬೆಲೆಯಿದು.

ಹಾಲು ಉಕ್ಕಿದ ಶನಿವಾರ

ಆಗಸ್ಟ್ 11, ಶನಿವಾರ ಬಂದಿತು. ಗಿಟ್‌ಲ್ಯಾಬಿನವರು ಮೊದಲೇ ಸಾರಿದ್ದಂತೆ ಸ್ವಲ್ಪ ಹೊತ್ತು ಅಂಗಡಿಯ ಬಾಗಿಲು ಮುಚ್ಚಿದರು. ಹಳೆಯ ಮನೆಯಲ್ಲಿ ಕಟ್ಟಕಡೆಗೆ ಬರೆದ ಅಕ್ಷರವೂ ಹೊಸ ಮನೆಯನ್ನು ಮುಟ್ಟುವವರೆಗೆ ಕಾದರು. ತಾಳೆ ನೋಡಿದರು. ಅದುವರೆಗೆ ನಕಲಾಗಿದ್ದುದನ್ನು ಮೂಲವೆಂದು ಘೋಷಿಸಿದರು. ಜಗತ್ತಿನ ಕಂಪ್ಯೂಟರುಗಳಿಗೆ ದಾರಿ ತೋರಿಸುವ ವಿಳಾಸಪಟ್ಟಿಯಲ್ಲಿ ಹಳೆಯ ಮನೆಯ ಗುರುತನ್ನು ಅಳಿಸಿ ಹೊಸ ಮನೆಯ ಗುರುತನ್ನು ಬರೆಸಿದರು. ಇದು ಅಂಚೆಕಚೇರಿಗೆ ಹೊಸ ವಿಳಾಸ ಕೊಟ್ಟಂತೆಯೇ. ಮನೆ ಬದಲಾದರೂ ಪತ್ರ ಬರೆಯುವವರು ಹಳೆಯ ಹೆಸರನ್ನೇ ಬರೆದರೆ ಸಾಕು. ಹೊರಗಿನವರನ್ನು ಬಿಡುವ ಮೊದಲು ಸ್ವಂತ ಸಿಬ್ಬಂದಿ ಒಳಹೊಕ್ಕು ಎಲ್ಲ ಕೋಣೆಗಳಲ್ಲಿಯೂ ದೀಪ ಹತ್ತುವುದೇ ಎಂದು ನೋಡಿದರು.

ಇಂಥ ಸ್ಥಳಾಂತರಗಳಲ್ಲಿ ಅತ್ಯಂತ ಗಂಭೀರವಾದ ಗಳಿಗೆ ಇದು. ಬಾಗಿಲು ತೆರೆಯುವ ತನಕ, ಏನಾದರೂ ಕೆಟ್ಟರೆ, ಹಳೆಯ ಮನೆಗೆ ಮರಳಬಹುದು. ತೆರೆದ ಮೇಲೆ ಗಿರಾಕಿಗಳು ಹೊಸ ಮನೆಯಲ್ಲಿ ಬರೆಯಲಾರಂಭಿಸುತ್ತಾರೆ. ಆಮೇಲೆ ಹಿಂದಿರುಗಿದರೆ ಅವರು ಬರೆದದ್ದೆಲ್ಲ ಹೋಗುತ್ತದೆ. ತೆರೆಯೋಣವೇ, ಬೇಡವೇ? ಆ ನಿರ್ಧಾರ ಮಾಡುವವರ ಎದೆಬಡಿತ ಯಾವ ಯಂತ್ರದಲ್ಲಿಯೂ ದಾಖಲಾಗುವುದಿಲ್ಲ.

ತೆರೆದರು. ಗಿರಾಕಿಗಳು ಬಂದರು; ತಮ್ಮ ಬರಹಗಳು ಇದ್ದಲ್ಲಿಯೇ ಇವೆಯೆಂದು ಕಂಡು ಕೆಲಸ ಮುಂದುವರಿಸಿದರು. ಮನೆ ಬದಲಾಯಿತೆಂಬುದು ಅವರಲ್ಲಿ ಬಹುಮಂದಿಯ ಗಮನಕ್ಕೆ ಬಂದಿರಲಾರದು. ಗೊತ್ತೇ ಆಗದಂತೆ ಆಗುವುದೇ ಈ ವಿದ್ಯೆಯ ಪರಮಸಿದ್ಧಿ. 2017ರ ಆ ರಾತ್ರಿಯನ್ನು ಜಗತ್ತಿನ ಪತ್ರಿಕೆಗಳೆಲ್ಲ ವರದಿ ಮಾಡಿದುವು. ಈ ಶನಿವಾರವನ್ನು ಬಲ್ಲವರು ಕಡಮೆ.

ಬಿಟ್ಟುಹೋಗುವವರ ಸುಂಕ

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಈ ಮೋಡಗಳ ಮಾಲಿಕರು ಸಾಮಾನನ್ನು ಒಳಗೆ ತರುವವರಿಂದ ಸಾಮಾನ್ಯವಾಗಿ ಏನನ್ನೂ ಕೇಳುವುದಿಲ್ಲ. ಹೊರಗೆ ಒಯ್ಯುವವರಿಂದ ಮಾತ್ರ ಗಿಗಾಬೈಟಿನ ಲೆಕ್ಕದಲ್ಲಿ ಸುಂಕ ವಸೂಲು ಮಾಡುತ್ತಾರೆ. ಹೀಗಾಗಿ ಬೆಳೆದ ಸಂಸ್ಥೆಗಳಿಗೆ ಮನೆ ಬಿಡುವುದೇ ದುಬಾರಿಯಾಗುತ್ತಿತ್ತು. ಯುರೋಪಿನ ರಾಷ್ಟ್ರಗಳ ಒಕ್ಕೂಟ ಇದನ್ನು ತಡೆಯಲು ಕಾನೂನನ್ನೇ ಮಾಡಿತು. 2025ರ ಸೆಪ್ಟೆಂಬರ್ 12ರಿಂದ ಅದು ಅನ್ವಯವಾಗಿದೆ. ಬದಲಾವಣೆಯ ಶುಲ್ಕಗಳು 2027ರ ಜನವರಿಯಿಂದ ಪೂರ್ತಿಯಾಗಿ ರದ್ದಾಗಬೇಕೆಂದು ಅದರ ವಿಧಿ. ಗಾಳಿ ಬೀಸುವ ದಿಕ್ಕನ್ನರಿತ ಗೂಗಲ್ 2024ರ ಜನವರಿಯಲ್ಲಿಯೂ, ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲಿಯೂ, ತಮ್ಮನ್ನು ಪೂರ್ಣವಾಗಿ ಬಿಟ್ಟುಹೋಗುವವರಿಗೆ ಈ ಸುಂಕವನ್ನು ಮನ್ನಾ ಮಾಡುವುದಾಗಿ ಸಾರಿದುವು.

ನಮ್ಮ ಮನೆಯ ಪೆಟ್ಟಿಗೆ

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತು, ನಮಗೇಕೆ ಎಂದು ವಾಚಕರು ಕೇಳಬಹುದು. ಅಜ್ಜಿಯ ಕೊನೆಯ ದೀಪಾವಳಿಯ ಚಿತ್ರಗಳು, ಮಗುವಿನ ಮೊದಲ ತೊದಲು, ಮನೆಯ ಪತ್ರಗಳ ಪ್ರತಿಗಳು ಇಂದು ಯಾರದೋ ಮೋಡದಲ್ಲಿ ಬಾಡಿಗೆಗೆ ಇವೆ. ಎಲ್ಲೋ ಒಂದು ಪ್ರತಿ ಇದೆಯೆಂಬ ನಂಬಿಕೆಯಿಂದ ನಾವೂ ನಿಶ್ಚಿಂತೆಯಿಂದಿದ್ದೇವೆ. ಆ ರಾತ್ರಿಯವರೆಗೆ ಗಿಟ್‌ಲ್ಯಾಬಿನವರಿಗೂ ಅಂಥ ನಿಶ್ಚಿಂತೆಯೇ ಇತ್ತು. ಇರುವುದೆಂದು ನಂಬಿದ ಪ್ರತಿ ಪ್ರತಿಯಲ್ಲ. ತೆರೆದು ಓದಿ ನೋಡಿದ ಪ್ರತಿಯೇ ಪ್ರತಿ. ಬಿಡುವಿನ ಒಂದು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು, ಒಂದು ಹಳೆಯ ಚಿತ್ರವನ್ನು ಆ ಮೋಡದಿಂದ ಮರಳಿ ತರಿಸಿ, ತೆರೆಯುವುದೇ ಎಂದು ನೋಡಬಾರದೇಕೆ? ಅಗುಳಿಯನ್ನು ಅಲುಗಿಸಿ ನೋಡುವುದಕ್ಕೆ ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ.

ಇನ್ನು, ಗೃಹಪ್ರವೇಶಕ್ಕೆ ಬರಲಾಗದ ಮಗಳ ವಿಷಯ. ಭಾನುವಾರ ಬೆಳಗಿನ ಜಾವ, ನಿದ್ದೆಗೆಟ್ಟ ಕಣ್ಣುಗಳೊಡನೆ ಅವಳು ಕೋಣೆಯಿಂದ ಹೊರಗೆ ಬಂದಾಗ, "ಏನಾಯಿತಮ್ಮ?" ಎಂದು ಕೇಳಿದರೆ, "ಏನೂ ಆಗಲಿಲ್ಲಮ್ಮ" ಎಂದಾಳು. ತಾಯಿ ಅದನ್ನು ಬೇಸರದ ಮಾತೆಂದು ತಿಳಿಯಬಾರದು. ಏನೂ ಆಗದಿರಲೆಂದೇ ಅವಳು ರಾತ್ರಿಯೆಲ್ಲ ಎಚ್ಚರವಾಗಿದ್ದಳು. ಒಂದು ಲೋಟ ಬಿಸಿ ಕಾಫಿಯನ್ನು ಅವಳ ಕೈಗಿತ್ತರೆ ಆ ಗೃಹಪ್ರವೇಶವೂ ಸಾಂಗವಾದಂತೆ.